ಬ್ರಸೆಲ್ಸ್‌ಗೆ ಹೊರಟ ಮಂತ್ರಿಯ ಮೇಲೆ ಕಣ್ಣಿರಲಿ

ಪುಟ್ಟೀ,

ನೀನು ಕೇಳಿದ ಪ್ರಶ್ನೆಗೆ ಫೋನಿನಲ್ಲಿ ಅವಸರದ ಉತ್ತರ ಕೊಡಲು ಮನಸ್ಸಾಗಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಇಪ್ಪತ್ತೇಳು ದೇಶಗಳ ಸರ್ಕಾರಗಳ ಮೇಲೆ ಯುರೋಪಿಯನ್ ಒಕ್ಕೂಟವೆಂಬ ಇನ್ನೊಂದು ಆಡಳಿತ ಬ್ರಸೆಲ್ಸ್‌ನಲ್ಲಿ ಕೂತಿದೆಯಲ್ಲ, ಅದರಿಂದ ಜನರ ಖಾಸಗಿತನ ಉಳಿಯುತ್ತದೋ ಅಳಿಯುತ್ತದೋ, ಒಂದೊಂದು ದೇಶದ ಪ್ರಜಾಪ್ರಭುತ್ವಕ್ಕೆ ಬಲ ಬರುತ್ತದೋ ಪೆಟ್ಟು ಬೀಳುತ್ತದೋ ಎಂದು ಕೇಳಿದೆ. ನೀನು ಹೋಗುತ್ತಿರುವ ಜರ್ಮನಿಯ ಡಾರ್ಮ್‌ಸ್ಟಾಟ್‌ನಲ್ಲಿ ನಿನಗೆ ಎರಡು ಬಗೆಯ ಗೆಳೆಯರು ಸಿಗುತ್ತಾರೆ. ಬ್ರಸೆಲ್ಸ್ ಇಲ್ಲದಿದ್ದರೆ ದೊಡ್ಡ ಕಂಪನಿಗಳು ನಮ್ಮನ್ನು ನುಂಗಿ ನೀರು ಕುಡಿಯುತ್ತಿದ್ದವು ಎನ್ನುವವರು ಕೆಲವರು, ಬ್ರಸೆಲ್ಸ್ ಬಂದು ನಮ್ಮ ಸಂಸತ್ತನ್ನೇ ಮೂಲೆಗೆ ಕೂರಿಸಿತು ಎನ್ನುವವರು ಕೆಲವರು. ಇಬ್ಬರ ಬಳಿಯೂ ಪುರಾವೆ ಇದೆ. ಯಾರ ಪಕ್ಷವನ್ನಾದರೂ ಸೇರುವ ಮೊದಲು ಒಂದು ಕಾನೂನಿನ ಕತೆಯನ್ನು ಹುಟ್ಟಿನಿಂದ ಸಾವಿನವರೆಗೂ ಓದಿಕೋ.

2004ರ ಮಾರ್ಚಿನಲ್ಲಿ ಮ್ಯಾಡ್ರಿಡ್ ರೈಲುಗಳಲ್ಲಿ, ಮರುವರ್ಷ ಜುಲೈನಲ್ಲಿ ಲಂಡನ್ನಿನಲ್ಲಿ ಬಾಂಬುಗಳು ಸಿಡಿದವು. ಆಗ ಸರ್ಕಾರಗಳಿಗೆ ಒಂದು ಬಯಕೆ ಹುಟ್ಟಿತು: ಪ್ರತಿಯೊಬ್ಬರೂ ಯಾರಿಗೆ ಕರೆ ಮಾಡಿದರು, ಯಾವಾಗ, ಎಲ್ಲಿಂದ ಎಂಬ ದಾಖಲೆಯನ್ನು ಟೆಲಿಫೋನ್ ಕಂಪನಿಗಳು ಕೂಡಿಡಬೇಕು. ಶಂಕಿತರದ್ದು ಮಾತ್ರವಲ್ಲ, ಎಲ್ಲರದ್ದೂ. ಜರ್ಮನಿಯ ಸಂಸತ್ತು 2005ರ ಆರಂಭದಲ್ಲೇ ಇದು ಬೇಡವೆಂದು ತನ್ನ ಸರ್ಕಾರಕ್ಕೆ ಹೇಳಿತ್ತು. ಆದರೂ ಮಂತ್ರಿಗಳು ಬ್ರಸೆಲ್ಸ್‌ನಲ್ಲಿ ಕೂತು ಒಪ್ಪಿದರು. ಆಗ ಒಕ್ಕೂಟದ ಮಂತ್ರಿಮಂಡಳಿಯ ಅಧ್ಯಕ್ಷತೆ ಬ್ರಿಟನ್ನಿನದು; ಸೆಪ್ಟೆಂಬರಿನಲ್ಲಿ ಬಂದ ಕರಡಿಗೆ ಡಿಸೆಂಬರಿನಲ್ಲಿ ಯುರೋಪಿಯನ್ ಪಾರ್ಲಿಮೆಂಟಿನ ಒಪ್ಪಿಗೆಯೂ ಸಿಕ್ಕಿಬಿಟ್ಟಿತು. 2006ರಲ್ಲಿ ಅದು ನಿರ್ದೇಶನವಾಯಿತು: ಆರು ತಿಂಗಳಿಂದ ಎರಡು ವರ್ಷದವರೆಗೆ ದಾಖಲೆ ಇಡಲೇಬೇಕು. ಊರ ಪಂಚಾಯಿತಿ ಸಭೆಯಲ್ಲಿ ಬಿದ್ದುಹೋದ ಮಾತನ್ನು ತಾಲ್ಲೂಕು ಕಚೇರಿಯಿಂದ ಆದೇಶವಾಗಿ ಮಾಡಿಸಿಕೊಂಡು ಬಂದು, "ಮೇಲಿನಿಂದ ಬಂದಿದೆ, ನಾನೇನು ಮಾಡಲಿ" ಎಂದು ಕೈಚೆಲ್ಲುವ ಅಧ್ಯಕ್ಷರನ್ನು ನೀನೂ ನೋಡಿದ್ದೀಯ. ಆದದ್ದು ಅದೇ. ನಿರ್ದೇಶನವನ್ನು ಜಾರಿಗೆ ತರಲು ತಡಮಾಡಿದ ಸ್ವೀಡನ್‌ಗೆ 2013ರಲ್ಲಿ 30 ಲಕ್ಷ ಯೂರೋ ದಂಡ ಬಿತ್ತು.

ಇಷ್ಟಕ್ಕೇ ಪುಸ್ತಕ ಮುಚ್ಚಿದರೆ ಬ್ರಸೆಲ್ಸೇ ಖಳನಾಯಕ. ಮುಂದಿನದನ್ನೂ ಓದು. 2009ರಲ್ಲಿ ರುಮೇನಿಯಾದ ಸಂವಿಧಾನ ನ್ಯಾಯಾಲಯ ತನ್ನ ದೇಶದ ದಾಖಲೆ ಕಾನೂನನ್ನು ಹೊಡೆದುಹಾಕಿತು. 2010ರ ಮಾರ್ಚ್ 2ರಂದು ಜರ್ಮನಿಯದೂ ಬಿತ್ತು. ಅಲ್ಲಿ ಮೊಕದ್ದಮೆ ಹೂಡಿದ್ದ ನಾಗರಿಕರ ಸಂಖ್ಯೆ ಮೂವತ್ತು ಸಾವಿರ ಮೀರಿತ್ತು. ಕೊನೆಗೆ ಐರ್ಲೆಂಡಿನ ಒಂದು ಸಣ್ಣ ನಾಗರಿಕ ಸಂಘಟನೆ ತಂದ ದಾವೆಯಲ್ಲಿ, 2014ರ ಏಪ್ರಿಲ್ 8ರಂದು, ಲಕ್ಸೆಂಬರ್ಗಿನಲ್ಲಿರುವ ಒಕ್ಕೂಟದ ನ್ಯಾಯಾಲಯವೇ ಆ ನಿರ್ದೇಶನವನ್ನು ಅಸಿಂಧುವೆಂದಿತು. ಎಲ್ಲರನ್ನೂ ಕಾವಲಿನಡಿ ಇಟ್ಟ ಕೈಯೂ ಒಕ್ಕೂಟದ್ದೇ, ಬಿಡಿಸಿದ ಕೈಯೂ ಒಕ್ಕೂಟದ್ದೇ. ಮುಂದೆ ಬ್ರಿಟನ್ ತನ್ನದೇ ಕಾನೂನಿನಲ್ಲಿ ದಾಖಲೆ ಕೂಡಿಡುವ ನಿಯಮವನ್ನು ಮತ್ತೆ ತಂದಾಗ ಕೋರ್ಟಿಗೆ ಹೋದವರಲ್ಲಿ ಡೇವಿಡ್ ಡೇವಿಸ್ ಎಂಬ ಸಂಸದರಿದ್ದರು. ಒಕ್ಕೂಟದಿಂದ ಬ್ರಿಟನ್ ಹೊರಬರಬೇಕೆಂದು ಗಟ್ಟಿಯಾಗಿ ವಾದಿಸಿದವರು, ಆಮೇಲೆ ಅದಕ್ಕಾಗಿಯೇ ಮಂತ್ರಿಯಾದವರು. ತಮ್ಮ ಸರ್ಕಾರದಿಂದ ಪ್ರಜೆಗಳನ್ನು ಕಾಯಲು ಅವರ ದಾವೆಯೂ ಲಕ್ಸೆಂಬರ್ಗ್ ತಲುಪಿತು.

ಹಾಗಾದರೆ ದೂರದ ಸರ್ಕಾರವೇ ಒಳ್ಳೆಯದೇ? ಆ ತೀರ್ಮಾನಕ್ಕೂ ಹಾರಬೇಡ. ನೀನು ಹೋಗುತ್ತಿರುವ ಹೆಸ್ಸೆ ರಾಜ್ಯ 1970ರಲ್ಲಿ ಜಗತ್ತಿನ ಮೊದಲ ದತ್ತಾಂಶ ರಕ್ಷಣಾ ಕಾನೂನು ಮಾಡಿತು. ಒಂದು ದೇಶದ ಒಳಗಿನ ಒಂದು ರಾಜ್ಯ! 1983ರಲ್ಲಿ ಜನಗಣತಿಯ ವಿರುದ್ಧ ಜರ್ಮನ್ನರು ದನಿಯೆತ್ತಿದಾಗ, ತನ್ನ ಮಾಹಿತಿ ಎಲ್ಲಿಗೆ ಹೋಗಬೇಕೆಂದು ತಾನೇ ನಿರ್ಧರಿಸುವ ಹಕ್ಕು ಪ್ರತಿಯೊಬ್ಬನಿಗೂ ಇದೆ ಎಂದು ಅವರ ಸಂವಿಧಾನ ನ್ಯಾಯಾಲಯ ಹೇಳಿತು. 2018ರ ಮೇ 25ರಿಂದ ಜಾರಿಯಲ್ಲಿರುವ ಜಿಡಿಪಿಆರ್ ಎಂಬ ಒಕ್ಕೂಟದ ದತ್ತಾಂಶ ರಕ್ಷಣಾ ಕಾನೂನಿನ ಬೇರು ಇಂಥ ನೆಲದಲ್ಲಿದೆ. ಇಲ್ಲಿ ಬೆಂಗಳೂರಿನ ಕಂಪನಿಗಳೂ ಯುರೋಪಿನ ಗ್ರಾಹಕರ ಕೆಲಸ ಮಾಡುವಾಗ ಅದಕ್ಕೆ ತಲೆಬಾಗಬೇಕು. ಕೆಳಗೆ ಹುಟ್ಟಿದ ಹಕ್ಕಿಗೆ ಮೇಲಿನವರು ಹಲ್ಲು ಕೊಟ್ಟರು: ಜಗತ್ತಿನಾದ್ಯಂತದ ವಹಿವಾಟಿನ ಶೇ. 4ರವರೆಗೆ ದಂಡ. 2023ರ ಮೇ ತಿಂಗಳಲ್ಲಿ ಮೆಟಾ ಕಂಪನಿಗೆ ಬಿದ್ದದ್ದು 120 ಕೋಟಿ ಯೂರೋ. ಒಂದು ಸಣ್ಣ ದೇಶ ಒಂಟಿಯಾಗಿ ಇಂಥದ್ದನ್ನು ವಿಧಿಸಿ ದಕ್ಕಿಸಿಕೊಳ್ಳುವುದು ಕಷ್ಟ, ಅದನ್ನು ನಾನು ಮನಸಾರೆ ಒಪ್ಪುತ್ತೇನೆ.

ನನ್ನ ಆತಂಕ ಬೇರೆ ಕಡೆಗಿದೆ. ಒಕ್ಕೂಟದ ಮಂತ್ರಿಮಂಡಳಿಯಲ್ಲಿ ಕಾನೂನಿನ ಮೇಲಿನ ಕೊನೆಯ ಮತದಾನವೇನೋ ಬಹಿರಂಗ. ಅದಕ್ಕೆ ಮುಂಚಿನ ಚೌಕಾಸಿ ಅಧಿಕಾರಿಗಳ ಗುಂಪುಗಳಲ್ಲಿ, ಮುಚ್ಚಿದ ಬಾಗಿಲ ಹಿಂದೆ ನಡೆಯುತ್ತದೆ. ತನ್ನ ದೇಶದ ಮಂತ್ರಿ ಅಲ್ಲಿ ಏನೆಂದ ಎಂಬುದು ಮನೆಯ ಮತದಾರನಿಗೆ ಸಕಾಲಕ್ಕೆ ಗೊತ್ತಾಗುವುದಿಲ್ಲ. ಪ್ರಜಾಪ್ರಭುತ್ವ ಸೋರಿಹೋಗುವುದು ಈ ಸಂದಿಯಲ್ಲೇ ಎಂದು ನಾನು ನಂಬಿದ್ದೇನೆ, ಬ್ರಸೆಲ್ಸ್ ದೂರ ಇರುವುದರಿಂದ ಅಲ್ಲ. ಡೆನ್ಮಾರ್ಕ್ ಇದಕ್ಕೆ ಮದ್ದು ಕಂಡುಕೊಂಡಿದೆ. ಮಹತ್ವದ ವಿಷಯಗಳಲ್ಲಿ ಅವರ ಮಂತ್ರಿ ಮೊದಲು ಸಂಸತ್ತಿನ ಯುರೋಪ್ ವ್ಯವಹಾರಗಳ ಸಮಿತಿಯ ಮುಂದೆ ನಿಂತು, ಯಾವ ನಿಲುವು ಹಿಡಿಯಬೇಕೆಂಬುದಕ್ಕೆ ಒಪ್ಪಿಗೆ ಪಡೆದು ಹೋಗಬೇಕು. ಎಲ್ಲ ದೇಶಗಳೂ ಅಷ್ಟು ಬಿಗಿ ಹಿಡಿದಿದ್ದರೆ 2005ರ ಆ ಅವಸರ ನಡೆಯುತ್ತಿರಲಿಲ್ಲ.

ಇದು ಮುಗಿದ ಕತೆಯಲ್ಲ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಚಿತ್ರಗಳನ್ನು ಹಿಡಿಯಲು ಜನರ ಖಾಸಗಿ ಸಂದೇಶಗಳನ್ನು ಜಾಲಾಡುವಂತೆ ಕಂಪನಿಗಳಿಗೆ ಆದೇಶ ಕೊಡಬಹುದೆಂಬ ಕರಡನ್ನು ಯುರೋಪಿಯನ್ ಆಯೋಗ 2022ರ ಮೇ ತಿಂಗಳಲ್ಲಿ ತಂದಿತು. ಉದ್ದೇಶಕ್ಕೆ ನನ್ನ ಪೂರ್ಣ ಗೌರವವಿದೆ. ಆ ಮಕ್ಕಳ ಸಂಕಟವನ್ನು ಹಗುರ ಮಾಡಿ ಮಾತಾಡುವವರ ಜೊತೆ ನೀನು ಎಂದೂ ಸೇರಬೇಡ. ಆದರೆ ಎಲ್ಲರ ಪತ್ರವನ್ನೂ ಒಡೆದು ಓದುವ ಯಂತ್ರ ಒಮ್ಮೆ ನಿಂತಿತೆಂದರೆ ನಾಳೆ ಅದರಿಂದ ಇನ್ನೇನು ಹುಡುಕಿಸುತ್ತಾರೆಂಬುದು ನಾಳೆಯ ಸರ್ಕಾರದ ಕೈಯಲ್ಲಿರುತ್ತದೆ. ಗೂಢಲಿಪಿಯ ಬೀಗ ಹಾಕಿದ ಸಂದೇಶಗಳನ್ನು ಮುಟ್ಟಬಾರದೆಂದು ಯುರೋಪಿಯನ್ ಪಾರ್ಲಿಮೆಂಟು 2023ರಲ್ಲಿ ನಿಲುವು ತಳೆಯಿತು. ಮಂತ್ರಿಮಂಡಳಿಯಲ್ಲಿ ಎಳೆದಾಟ ವರ್ಷಗಟ್ಟಲೆ ನಡೆಯಿತು.

ನಮ್ಮ ದೇಶದ ಮೇಲೆ ಲಕ್ಸೆಂಬರ್ಗಿನಂಥ ಇನ್ನೊಂದು ನ್ಯಾಯಾಲಯವಿಲ್ಲ. ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಎಂಬತ್ತು ದಾಟಿದ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ವಿಷಯವಾಗಿ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದರು. ಖಾಸಗಿತನ ಮೂಲಭೂತ ಹಕ್ಕು ಎಂದು ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿದರು. ನಮಗಿರುವುದು ಆ ಒಂದೇ ಬಾಗಿಲು. ಯುರೋಪಿನವರಿಗೆ ಎರಡು: ತಮ್ಮ ದೇಶದ್ದೊಂದು, ಒಕ್ಕೂಟದ್ದೊಂದು. ತಟ್ಟುವವರಿಲ್ಲದೆ ಅವೂ ತೆರೆಯುವುದಿಲ್ಲ.

ನಿನಗೆ ಅಲ್ಲಿ ಓಟಿಲ್ಲ, ಆದರೆ ಹಕ್ಕುಗಳಿವೆ. ಮ್ಯಾಕ್ಸ್ ಶ್ರೆಮ್ಸ್ ಎಂಬ ಆಸ್ಟ್ರಿಯಾದ ಕಾನೂನು ವಿದ್ಯಾರ್ಥಿ 2011ರಲ್ಲಿ ಫೇಸ್‌ಬುಕ್ಕಿಗೆ ತನ್ನ ಮಾಹಿತಿ ಕೊಡಿ ಎಂದು ಕೇಳಿದಾಗ ಬಂದದ್ದು 1,200ಕ್ಕೂ ಹೆಚ್ಚು ಪುಟ. ಮುಂದೆ ಅವನ ದೂರಿನಿಂದಲೇ ಅಮೆರಿಕಕ್ಕೆ ದತ್ತಾಂಶ ಸಾಗಿಸುವ ಎರಡು ಒಪ್ಪಂದಗಳು, 2015ರಲ್ಲೊಂದು, 2020ರಲ್ಲೊಂದು, ಮುರಿದುಬಿದ್ದವು. ನೀನೂ ಹೋದ ಮೊದಲ ತಿಂಗಳೇ ನಿನ್ನ ಬ್ಯಾಂಕಿಗೋ ಫೋನ್ ಕಂಪನಿಗೋ ಬರೆದು ಕೇಳು. ಒಂದು ತಿಂಗಳೊಳಗೆ ಅವರು ಉತ್ತರಿಸಬೇಕು. ಸುಮ್ಮನಿದ್ದರೆ ಹೆಸ್ಸೆಯ ದತ್ತಾಂಶ ರಕ್ಷಣಾ ಕಚೇರಿಗೆ ದೂರು ಕೊಡು. ಯುರೋಪಿಯನ್ ಪಾರ್ಲಿಮೆಂಟಿಗೆ ಅರ್ಜಿ ಸಲ್ಲಿಸಲು ಅಲ್ಲಿನ ಪೌರಳಾಗಿರಬೇಕಿಲ್ಲ, ವಾಸವಿದ್ದರೆ ಸಾಕು. ಜರ್ಮನ್ ಗೆಳತಿಯರಿಗೆ ಓಟಿದೆಯಲ್ಲ, ಮುಂದಿನ ಸಲ ಅವರ ಕ್ಷೇತ್ರದ ಸಂಸದರು ಸಿಕ್ಕಾಗ ಜೊತೆಗೆ ಹೋಗು. ನಿಮ್ಮ ಮಂತ್ರಿ ಬ್ರಸೆಲ್ಸ್‌ನಲ್ಲಿ ಈ ತಿಂಗಳು ಯಾವುದಕ್ಕೆ ಒಪ್ಪಿಗೆ ಕೊಡಲು ಹೊರಟಿದ್ದಾರೆ ಎಂದು ಆ ಗೆಳತಿಯರಿಂದ ಕೇಳಿಸು.

ನಿನ್ನ ಮಾವ