ಸ್ಟ್ರಾಂಬೋಲಿಯ ಬೆಂಕಿ

ಇಟಲಿ ದೇಶಕ್ಕೆ ಸೇರಿದ ಸಿಸಿಲಿ ದ್ವೀಪದ ಉತ್ತರದಲ್ಲಿ, ಕಡಲ ನಡುವೆ ಗೋಪುರದಂತೆ ಎದ್ದು ನಿಂತ ಜ್ವಾಲಾಮುಖಿಯೊಂದುಂಟು. ಅದೇ ಸ್ಟ್ರಾಂಬೋಲಿ. ನೀರಿನ ಮೇಲೆ ಅದರ ಎತ್ತರ ಸುಮಾರು 920 ಮೀಟರುಗಳು. ಅದಕ್ಕಿಂತಲೂ ಹೆಚ್ಚಿನ ಭಾಗ ಕಡಲೊಳಗೆ ಅಡಗಿದೆ. ಹಗಲಿರುಳೆನ್ನದೆ, ಹತ್ತಿಪ್ಪತ್ತು ನಿಮಿಷಗಳಿಗೊಮ್ಮೆ ಅದರ ಬಾಯಿಗಳಿಂದ ಕೆಂಡದ ಕಾರಂಜಿ ಚಿಮ್ಮುತ್ತದೆ. ರಾತ್ರಿಯಲ್ಲಿ ಬಹುದೂರದಿಂದ ಕಾಣುವ ಈ ಬೆಳಕಿನಿಂದಾಗಿ ಅದಕ್ಕೆ 'ಮೆಡಿಟರೇನಿಯನ್ನಿನ ದೀಪಸ್ತಂಭ'ವೆಂಬ ಹೆಸರು ಬಂದಿತು.

ಒಲೆಯ ಮೇಲೆ ಅಂಬಲಿ ಕುದಿಯುವುದನ್ನು ನೋಡಿದವರಿಗೆ ಈ ಕಾರಂಜಿಯ ಗುಟ್ಟು ಸುಲಭವಾಗಿ ತಿಳಿಯುತ್ತದೆ. ಪರ್ವತದ ಕೊರಳಿನಲ್ಲಿ ತುಂಬಿರುವ ಶಿಲಾರಸದೊಳಗೆ ಅನಿಲದ ಗುಳ್ಳೆಗಳು ಹುಟ್ಟಿ, ಒಂದರೊಡನೊಂದು ಕೂಡಿ, ಮೇಲೇರಿ ಒಡೆಯುತ್ತವೆ. ಆಗ ಉರಿಯುವ ರಸದ ತುಣುಕುಗಳು ಸಿಡಿದು, ಬಹುಮಟ್ಟಿಗೆ ಬಾಯಿಯ ಸುತ್ತಲೇ ಬೀಳುತ್ತವೆ. ಇದರಿಂದ ಬುಡದ ಹಳ್ಳಿಗಳಿಗೆ ತೊಂದರೆಯಿಲ್ಲ. ಅಲ್ಲಿನ ಜನಕ್ಕೆ ಆ ಗುಡುಗು ನೆರೆಮನೆಯ ಸದ್ದಿನಷ್ಟೇ ಪರಿಚಿತ.

ಆದರೆ ಪರ್ವತದ ನಿತ್ಯದ ಸಿಡಿತ ಬೇರೆ, ಅಪರೂಪಕ್ಕೊಮ್ಮೆ ತೋರುವ ರೌದ್ರ ಬೇರೆ. 2019ರ ಜುಲೈ 3ರ ಅಪರಾಹ್ನ, ಪ್ರವಾಸಿಗರು ಕಡಲತೀರದಲ್ಲಿ ವಿಹರಿಸುತ್ತಿದ್ದಾಗ, ಶಿಖರವು ಭಯಂಕರವಾಗಿ ಆಸ್ಫೋಟಿಸಿತು. ಬೂದಿಯ ಕಂಬವೊಂದು ಹಲವು ಕಿಲೋಮೀಟರು ಮೇಲಕ್ಕೆದ್ದಿತು. ಕಾದ ಕಲ್ಲುಗಳು ಇಳಿಜಾರಿನ ಕುರುಚಲು ಗಿಡಗಳ ಮೇಲೆ ಬಿದ್ದು ಬೆಂಕಿ ಹೊತ್ತಿಕೊಂಡಿತು. ಜಿನೋಸ್ಟ್ರಾ ಎಂಬ ಪುಟ್ಟ ಹಳ್ಳಿಯ ಮೇಲೆ ಕಲ್ಲುಗಳ ಮಳೆಯೇ ಸುರಿಯಿತು. ಭಯಗೊಂಡ ಕೆಲವರು ಕಡಲಿಗೆ ಧುಮುಕಿದರು. ಬೆಟ್ಟವೇರುತ್ತಿದ್ದ ಚಾರಣಿಗನೊಬ್ಬನು ಪ್ರಾಣ ಕಳೆದುಕೊಂಡನು. ಎರಡು ತಿಂಗಳೊಳಗಾಗಿ, ಆಗಸ್ಟ್ 28ರಂದು, ಪರ್ವತವು ಮತ್ತೆ ಸಿಡಿಯಿತು. ಈ ಸಲ ಬಿಸಿ ಬೂದಿಯ ಮೋಡವು ಇಳಿಜಾರಿನಿಂದ ಉರುಳಿ ನೀರಿನ ಮೇಲೂ ಹರಿಯಿತು.

ಇಂತಹ ಆಸ್ಫೋಟನೆಗೆ ಕಾರಣ ಕೊರಳಿನ ಶಿಲಾರಸವಲ್ಲ. ಹಲವು ಕಿಲೋಮೀಟರು ಆಳದಲ್ಲಿ, ಅನಿಲದಿಂದ ಕಿಕ್ಕಿರಿದ ಬೇರೊಂದು ಶಿಲಾರಸವಿದೆ. ಅದು ಅನಿಲವನ್ನು ಮೆಲ್ಲಮೆಲ್ಲನೆ ಬಿಟ್ಟುಕೊಡಲು ಅವಕಾಶವಿಲ್ಲದಷ್ಟು ವೇಗವಾಗಿ ಮೇಲೇರಿದಾಗ ಈ ಅನಾಹುತ ಸಂಭವಿಸುತ್ತದೆ. ಅದರ ಬರವನ್ನು ನಿತ್ಯದ ಗದ್ದಲದ ನಡುವೆ ಗುರುತಿಸುವುದೇ ಕಷ್ಟ. ಸದಾ ಮೌನವಾಗಿರುವ ಪರ್ವತ ಗುಡುಗಿದರೆ ಎಲ್ಲರೂ ಎಚ್ಚರಗೊಳ್ಳುತ್ತಾರೆ. ಸದಾ ಗುಡುಗುವ ಪರ್ವತದ ವಿಷಯದಲ್ಲಿ ಹಾಗಲ್ಲ.

ಆದರೂ ಒಂದು ಸುಳಿವು ವಿಜ್ಞಾನಿಗಳಿಗೆ ದೊರೆತಿದೆ. ಮಹಾಸ್ಫೋಟಕ್ಕೆ ಸುಮಾರು ಹತ್ತು ನಿಮಿಷಗಳ ಮುನ್ನ ಶಿಖರದ ನೆಲವು ಬರಿಗಣ್ಣಿಗೆ ಕಾಣದಷ್ಟು ಉಬ್ಬತೊಡಗುತ್ತದೆ. ನೆಲದ ಓರೆಯನ್ನು ಅಳೆಯುವ ಸೂಕ್ಷ್ಮ ಉಪಕರಣಗಳು ಅದನ್ನು ಹಿಡಿದೊಡನೆ ಹಳ್ಳಿಗಳಲ್ಲಿ ಸೈರನ್ ಮೊಳಗಿಸುವ ವ್ಯವಸ್ಥೆಯನ್ನು ಮಾಡಲಾಗಿದೆ. 2002ರ ಡಿಸೆಂಬರ್ 30ರಂದು ಪರ್ವತದ ಒಂದು ಪಾರ್ಶ್ವವೇ ಕಡಲಿಗೆ ಕುಸಿದು, ಎದ್ದ ಹೆದ್ದೆರೆಗಳು ತೀರದ ಮನೆಗಳಿಗೆ ನುಗ್ಗಿದ್ದುದನ್ನು ದ್ವೀಪದವರು ಮರೆತಿಲ್ಲ. ಹತ್ತು ನಿಮಿಷಗಳಲ್ಲಿ ಶಿಖರದ ಬಳಿಯಿರುವವನು ಕೆಳಗಿಳಿದು ಬರಲಾರನು. ತೀರದಲ್ಲಿರುವವನು ಎತ್ತರದ ನೆಲೆಯನ್ನು ಸೇರಿಕೊಳ್ಳಬಲ್ಲನು.