ಒಂದೇ ಎಕ್ಸ್‌ರೇ, ಎರಡು ದಾರಿ

ನನ್ನ ಮಗನ ಎಕ್ಸ್‌ರೇ ವರದಿಯನ್ನೂ ಮುಂಬಯಿಯ ಬೊರಿವಲಿಯಲ್ಲಿರುವ ತಂಗಿಯ ಮಗಳ ವರದಿಯನ್ನೂ ಪಕ್ಕಪಕ್ಕ ಇಟ್ಟರೆ ಯಾವುದು ಯಾರದ್ದೆಂದು ಹೇಳಲು ಬರುತ್ತಿರಲಿಲ್ಲ. ಅಡಿನಾಯ್ಡ್ ದೊಡ್ಡದಾಗಿದೆ, ಮೂಗಿನ ಹಿಂದಿನ ಗಾಳಿದಾರಿ ಕಿರಿದಾಗಿದೆ ಎಂದು ಎರಡರಲ್ಲೂ ಇತ್ತು. ಇಬ್ಬರಿಗೂ ಆಗ ನಾಲ್ಕು ದಾಟಿದ ವಯಸ್ಸು. ನನ್ನ ಮಗನಿಗೆ ಆಪರೇಷನ್ ಆಯಿತು, ತಂಗಿಯ ಮಗಳಿಗೆ ಬೇಕಾಗಲಿಲ್ಲ. ಎರಡೂ ಸರಿಯಾದ ತೀರ್ಮಾನಗಳೇ. ಸದಾ ಮೂಗು ಕಟ್ಟುವ ಮಕ್ಕಳ ವಿಷಯದಲ್ಲಿ ನಾನು ಕಲಿತ ಮುಖ್ಯ ಪಾಠ ಇದೇ: ಫಿಲ್ಮಿನಲ್ಲಿ ಕಂಡ ಗಾತ್ರಕ್ಕಿಂತ ಮಗುವಿನ ನಿದ್ದೆ, ಕಿವಿ, ಊಟ, ಬೆಳವಣಿಗೆ ಏನು ಹೇಳುತ್ತವೆ ಎಂಬುದನ್ನು ನೋಡಿ ಮುಂದಿನ ಹೆಜ್ಜೆ ಇಡಬೇಕು.

ಅಡಿನಾಯ್ಡ್ ಎಂಬುದು ರೋಗದ ಹೆಸರಲ್ಲ. ಮೂಗಿನ ಹಿಂದೆ, ಕಿರುನಾಲಿಗೆಗಿಂತ ಮೇಲೆ ಇರುವ ಮೆತ್ತನೆಯ ಅಂಗಾಂಶ ಅದು. ಗಂಟಲಿನ ಎರಡೂ ಬದಿ ಕಾಣುವ ಟಾನ್ಸಿಲ್‌ಗಳ ಜಾತಿಯದೇ. ಉಸಿರಿನ ಜೊತೆ ಬರುವ ಸೋಂಕನ್ನು ಗುರುತಿಸುವುದು ಅದರ ಕೆಲಸ. ಆದರೆ ಬಾಯಿ ತೆರೆಸಿ ಟಾರ್ಚ್ ಹಾಕಿದರೂ ಅದು ಕಾಣುವುದಿಲ್ಲ. ಅದು ಬೆಳೆದು ಮಕ್ಕಳ ಉಸಿರನ್ನೂ ಕಿವಿಯನ್ನೂ ಕೆಡಿಸುತ್ತದೆ ಎಂದು 1868ರಲ್ಲಿ ವಿವರವಾಗಿ ಬರೆದವರು ಕೋಪನ್‌ಹೇಗನ್‌ನ ವೈದ್ಯ ವಿಲ್ಹೆಲ್ಮ್ ಮೇಯರ್. ಮೂರರಿಂದ ಏಳು ವರ್ಷದೊಳಗೆ ಇದು ಹೆಚ್ಚು ದೊಡ್ಡದಾಗಿರುತ್ತದೆ, ಆಮೇಲೆ ಮೆಲ್ಲಗೆ ಕುಗ್ಗುತ್ತಾ ಹದಿಹರೆಯಕ್ಕೆ ಬರುವಾಗ ಬಹುಮಟ್ಟಿಗೆ ಕರಗಿಹೋಗುತ್ತದೆ. ಹಾಗಾಗಿ ಎಷ್ಟೋ ಮಕ್ಕಳ ವಿಷಯದಲ್ಲಿ ಕಾಯುವುದೂ ಒಂದು ಚಿಕಿತ್ಸೆ. ಯಾವ ಮಗು ಕಾಯಬಹುದು, ಯಾವ ಮಗು ಕಾಯಬಾರದು ಎಂಬುದೇ ಪ್ರಶ್ನೆ.

ರಾತ್ರಿ ನೋಡಿದ್ದು

ಬಾಲವಾಡಿಗೆ ಹೋಗತೊಡಗಿದ ಮಕ್ಕಳಿಗೆ ವರ್ಷಕ್ಕೆ ಆರೆಂಟು ಸಲ ಶೀತ ಬರುವುದು ಸಾಮಾನ್ಯ. ಆದರೆ ಎರಡು ಶೀತಗಳ ನಡುವೆಯೂ ಮೂಗು ಬಿಡದಿದ್ದರೆ ಅದು ಬೇರೆ ಸಂಗತಿ. ಮಗ ಹಗಲಲ್ಲಿ ಆಡಿಕೊಂಡು ಚುರುಕಾಗಿಯೇ ಇರುತ್ತಿದ್ದ. ಹಗಲಿನ ಹೊತ್ತಿನಲ್ಲಿ ಡಾಕ್ಟರ ಮುಂದೆ ಕೂತ ಮಗುವಿನ ಮುಖದಲ್ಲಿ ರಾತ್ರಿಯ ಕಥೆ ಕಾಣುವುದಿಲ್ಲ.

ನಮ್ಮ ಮಕ್ಕಳ ಡಾಕ್ಟರು ಹೇಳಿದಂತೆ ಮಗನ ನಿದ್ದೆಯನ್ನು ಮೊಬೈಲಿನಲ್ಲಿ ವಿಡಿಯೋ ಮಾಡಿದೆ. ಫ್ಯಾನಿನ ಸದ್ದು ಕಡಿಮೆ ಮಾಡಿ, ಅಂಗಿಯ ಗುಂಡಿ ಬಿಚ್ಚಿ, ಎದೆ ಮತ್ತು ಮುಖ ಎರಡೂ ಕಾಣುವ ಹಾಗೆ ಹಿಡಿದೆ. ಬಾಯಿ ತೆರೆದಿತ್ತು, ಕುತ್ತಿಗೆ ಹಿಂದಕ್ಕೆ ಬಾಗಿತ್ತು. ಗೊರಕೆ ಜೋರಾಗುತ್ತಾ ಹೋಗಿ ಥಟ್ಟನೆ ನಿಂತುಬಿಡುತ್ತಿತ್ತು. ಆಗಲೂ ಪಕ್ಕೆಲುಬಿನ ಕೆಳಗಿನ ಚರ್ಮ ಒಳಕ್ಕೆ ಎಳೆಯುತ್ತಲೇ ಇತ್ತು, ಗಾಳಿ ಮಾತ್ರ ಹೋಗುತ್ತಿರಲಿಲ್ಲ. ಮರುಕ್ಷಣ ಮೈ ಜಗ್ಗಿ, ದೊಡ್ಡ ಉಸಿರೆಳೆದು, ಮಗ್ಗುಲು ಬದಲಿಸುತ್ತಿದ್ದ. ಬೆಳಿಗ್ಗೆ ಏಳುವಾಗ ದಿಂಬು ಬೆವರಿನಿಂದ ಒದ್ದೆ. ಆ ವಿಡಿಯೋ ನೋಡಿದ ಕಿವಿ-ಮೂಗು-ಗಂಟಲಿನ ಡಾಕ್ಟರು ಮೊದಲು ಕೇಳಿದ್ದು ಗೊರಕೆಯ ಬಗ್ಗೆ ಅಲ್ಲ. "ಹಾಸಿಗೆ ಒದ್ದೆ ಮಾಡಿಕೊಳ್ಳುವುದು ಮತ್ತೆ ಶುರುವಾಗಿದೆಯಾ? ಊಟ ಮಾಡುವಾಗ ನಡುವೆ ನಿಲ್ಲಿಸಿ ಉಸಿರಾಡುತ್ತಾನಾ? ತೂಕ ಏರುತ್ತಿದೆಯಾ?" ಎಂದು ಕೇಳಿದರು. ಮೂರಕ್ಕೂ ಉತ್ತರ ನಮ್ಮನ್ನು ಒಂದೇ ಕಡೆಗೆ ತಳ್ಳಿತು.

ತಂಗಿಯ ಮಗಳ ವಿಡಿಯೋವನ್ನೂ ಹಾಗೆಯೇ ತೆಗೆದೆವು. ಗೊರಕೆ ಇತ್ತು, ಬಾಯಿಯೂ ತೆರೆದಿತ್ತು. ಆದರೆ ಉಸಿರು ಎಲ್ಲೂ ಕಡಿಯಲಿಲ್ಲ, ಬೆಳಗಿನವರೆಗೆ ಒಂದೇ ಸಮನೆ ನಿದ್ದೆ. ಇನ್ನೊಂದು ವ್ಯತ್ಯಾಸ ಬೇಸಿಗೆ ರಜೆಯಲ್ಲಿ ಕುಂದಾಪುರಕ್ಕೆ ಹೋದಾಗ ಗೊತ್ತಾಯಿತು. ಅಲ್ಲಿ ಅವಳ ಮೂಗು ತಾನಾಗಿ ಬಿಟ್ಟಿತು, ನನ್ನ ಮಗನ ಗೊರಕೆ ಒಂದಿಷ್ಟೂ ಕಡಿಮೆಯಾಗಲಿಲ್ಲ. ಅವಳ ತೊಂದರೆಯಲ್ಲಿ ಅಲರ್ಜಿಯ ಪಾಲು ದೊಡ್ಡದು ಎಂಬ ಅನುಮಾನ ಆಗಲೇ ಬಂತು.

ಕಿವಿಯ ವಿಷಯ

ಅಡಿನಾಯ್ಡಿನ ಪಕ್ಕದಲ್ಲೇ ಕಿವಿಗೆ ಹೋಗುವ ಸಣ್ಣ ಕೊಳವೆ ತೆರೆದುಕೊಳ್ಳುತ್ತದೆ. ಆ ಕೊಳವೆಯ ಬಾಯಿ ಸರಿಯಾಗಿ ಕೆಲಸ ಮಾಡದಿದ್ದರೆ ಕಿವಿಪರದೆಯ ಹಿಂದೆ ಅಂಟಂಟು ನೀರು ನಿಲ್ಲುತ್ತದೆ. ನೋವು, ಜ್ವರ, ಸೋರುವುದು ಯಾವುದೂ ಇಲ್ಲದೆ ಮಗುವಿಗೆ ಕೇಳಿಸುವುದು ಕಡಿಮೆಯಾಗುತ್ತದೆ. ಎರಡೂ ಕಿವಿಗೆ ಬೆರಳಿಟ್ಟುಕೊಂಡು ಕೇಳಿದ ಹಾಗೆ.

ಮಗ ಟಿವಿ ಹತ್ತಿರ ಹೋಗಿ ಕೂರುತ್ತಿದ್ದ. ಹಿಂದಿನಿಂದ ಕರೆದರೆ ತಿರುಗುತ್ತಿರಲಿಲ್ಲ, ಎದುರಿಗೆ ನಿಂತು ಕರೆದರೆ ಓಗೊಡುತ್ತಿದ್ದ. ಕಟ್ಟಿದ ಮೂಗಿನಿಂದ "ಅಮ್ಮ" ಎಂದರೆ "ಅಬ್ಬ" ಎಂದು ಕೇಳಿಸುತ್ತಿತ್ತು. "ಗಮನ ಕೊಡುವುದಿಲ್ಲ, ಒಂದು ಕಡೆ ಕೂರುವುದಿಲ್ಲ" ಎಂದು ಶಾಲೆಯಿಂದ ದೂರು ಬಂತು. ರಾತ್ರಿ ನಿದ್ದೆ ಕೆಟ್ಟ ದೊಡ್ಡವರು ತೂಕಡಿಸುತ್ತಾರೆ, ಮಕ್ಕಳು ಹೆಚ್ಚಾಗಿ ಕೆರಳುತ್ತಾರೆ. ಅದರ ಮೇಲೆ ಕಿವಿಯೂ ಮಂದವಾದರೆ ಆ ಮಗುವನ್ನು ತುಂಟ ಎಂದು ಕರೆಯುವುದು ಅನ್ಯಾಯ.

ಪರೀಕ್ಷೆ ಏನೂ ಕಷ್ಟದ್ದಲ್ಲ. ಕಿವಿಗೆ ಮೆತ್ತನೆಯ ಬಿರಡೆ ಇಟ್ಟು ಗಾಳಿಯ ಒತ್ತಡ ಬದಲಿಸಿ ಪರದೆ ಅಲುಗುತ್ತದೆಯೇ ಎಂದು ನೋಡುವ ಟಿಂಪನೋಮೆಟ್ರಿ ಕೆಲವೇ ನಿಮಿಷದ್ದು. ಪರದೆ ಅಲುಗದಿದ್ದರೆ ಕಾಗದದ ಮೇಲೆ ಗುಡ್ಡದಂತೆ ಏರಬೇಕಾದ ಗೆರೆ ಚಪ್ಪಟೆಯಾಗಿ ಬರುತ್ತದೆ. ಮಗನ ಎರಡೂ ಕಿವಿಯ ಗೆರೆ ಚಪ್ಪಟೆ, ತಂಗಿಯ ಮಗಳದ್ದು ಸರಿಯಾಗಿತ್ತು. ಕರ್ನಾಟಕದ ನಮ್ಮ ಊರುಗಳವರಿಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ವಾಕ್ ಶ್ರವಣ ಸಂಸ್ಥೆ ಗೊತ್ತು. ಮುಂಬಯಿಯಲ್ಲೂ ಅಂಥದೇ ಒಂದು ಕೇಂದ್ರ ಸರ್ಕಾರದ ಸಂಸ್ಥೆ ಇದೆ: 1983ರಲ್ಲಿ ಶುರುವಾದ, ಬಾಂದ್ರಾ ರಿಕ್ಲಮೇಷನ್ನಿನಲ್ಲಿರುವ ಅಲಿ ಯಾವರ್ ಜಂಗ್ ಸಂಸ್ಥೆ. ಅಲ್ಲಿ ಮಕ್ಕಳ ಶ್ರವಣ ಪರೀಕ್ಷೆ ಮಾಡುತ್ತಾರೆ.

ಔಷಧಿ: ಏನು ಹಾಕಬೇಕು, ಏನು ಬಿಡಬೇಕು

ಉಪ್ಪುನೀರಿನ ಹನಿ ಅಥವಾ ಸ್ಪ್ರೇಯಿಂದ ಮೂಗು ತೊಳೆಯುವುದು ಎಲ್ಲಕ್ಕಿಂತ ಮೊದಲ ಕೆಲಸ. ಮೆಡಿಕಲ್ ಸ್ಟೋರಿನಲ್ಲಿ ಸಿಗುವ ಸಾದಾ ಸಲೈನ್ ಸಾಕು. ಮನೆಯಲ್ಲೇ ಮಾಡುವುದಾದರೆ ನೀರು ಚೆನ್ನಾಗಿ ಕುದಿಸಿ ಆರಿಸಿದ್ದೇ ಆಗಬೇಕು, ನಲ್ಲಿ ನೀರು ಮೂಗಿಗೆ ಹಾಕಲೇಬಾರದು.

ಅದಾದ ಮೇಲೆ ಡಾಕ್ಟರು ಬರೆದುಕೊಟ್ಟ ಸ್ಟೀರಾಯ್ಡ್ ಸ್ಪ್ರೇ. ಸ್ಟೀರಾಯ್ಡ್ ಎಂದೊಡನೆ ಅತ್ತೆ ಹೆದರಿದರು, ನನಗೂ ಅಳುಕಿತ್ತು. ಮೊಮೆಟಾಸೋನ್‌ನಂಥವು ಮೂಗಿನಲ್ಲೇ ಕೆಲಸ ಮಾಡಿ ರಕ್ತಕ್ಕೆ ಬಹಳ ಕಡಿಮೆ ಸೇರುತ್ತವೆ, ಎರಡು ವರ್ಷ ದಾಟಿದ ಮಕ್ಕಳಿಗೂ ಅಲರ್ಜಿ ಶೀತಕ್ಕೆ ಕೊಡುತ್ತಾರೆ, ಮಗುವಿನ ಎತ್ತರವನ್ನು ಆಗಾಗ ಅಳೆದು ಗಮನಿಸುತ್ತಾರೆ ಎಂದು ತಿಳಿದ ಮೇಲೆ ಧೈರ್ಯ ಬಂತು. ಹಾಕುವ ಕ್ರಮ ಮುಖ್ಯ. ಬಾಟಲಿ ಅಲುಗಿಸಿ, ಮಗುವಿನ ತಲೆಯನ್ನು ಸ್ವಲ್ಪ ಮುಂದಕ್ಕೆ ಬಾಗಿಸಿ, ತುದಿಯನ್ನು ಮೂಗಿನ ನಡುಗೋಡೆಯ ಕಡೆ ಬಿಟ್ಟು ಹೊರಗೆ, ಅದೇ ಬದಿಯ ಕಣ್ಣಿನ ಕಡೆ ತಿರುಗಿಸಿ ಒತ್ತಬೇಕು. ನಡುಗೋಡೆಗೆ ನೇರವಾಗಿ ಬಿದ್ದರೆ ಮೂಗಿನಿಂದ ರಕ್ತ ಬರುವುದುಂಟು. ಜೋರಾಗಿ ಒಳಕ್ಕೆ ಎಳೆದುಕೊಂಡರೆ ಔಷಧಿ ಗಂಟಲಿಗೆ ಇಳಿದುಹೋಗುತ್ತದೆ. ನಾಲ್ಕು ದಿನ ಹಾಕಿ ಗುಣವಿಲ್ಲ ಎಂದು ನಿಲ್ಲಿಸುವ ಔಷಧಿಯೂ ಇದಲ್ಲ. ದಿನ ತಪ್ಪದೆ ಆರರಿಂದ ಎಂಟು ವಾರ ಹಾಕಿದ ಮೇಲಷ್ಟೇ ಗುಣ ಅಳೆಯಬೇಕು. ತಂಗಿಯ ಮಗಳು ಗೆದ್ದದ್ದು ಇದರಿಂದಲೇ.

ಬಿಡಬೇಕಾದವೂ ಇವೆ. ಕ್ಷಣದಲ್ಲಿ ಮೂಗು ಬಿಡಿಸುವ ಹನಿಗಳನ್ನು ಡಾಕ್ಟರು ಹೇಳಿದ ಕೆಲವೇ ದಿನಗಳಿಗಿಂತ ಹೆಚ್ಚು ಹಾಕಿದರೆ ಮೂಗು ಇನ್ನಷ್ಟು ಕಟ್ಟುತ್ತದೆ. ಕ್ಲೋರ್‌ಫೆನಿರಮೈನ್ ಮತ್ತು ಫಿನೈಲೆಫ್ರಿನ್ ಸೇರಿದ ಶೀತದ ಸಿರಪ್ಪನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದೆಂದು ಬಾಟಲಿಯ ಮೇಲೆಯೇ ಬರೆಯಬೇಕೆಂದು ಔಷಧ ನಿಯಂತ್ರಕರು 2023ರ ಡಿಸೆಂಬರಿನಲ್ಲಿ ಆದೇಶಿಸಿದರು. 2025ರ ಅಕ್ಟೋಬರಿನಲ್ಲಿ ಮಧ್ಯಪ್ರದೇಶದ ಛಿಂದವಾಡಾದಲ್ಲಿ ಕಲಬೆರಕೆ ಸಿರಪ್ಪಿನಿಂದ ಮಕ್ಕಳು ಸತ್ತ ಸುದ್ದಿ ಎಲ್ಲರೂ ಓದಿದ್ದೇವೆ. ಎರಡು ವರ್ಷದೊಳಗಿನವರಿಗೆ ಕೆಮ್ಮು-ಶೀತದ ಸಿರಪ್ ಬೇಡ, ಐದರೊಳಗೆ ಸಾಮಾನ್ಯವಾಗಿ ಬೇಡ ಎಂದು ಆಗ ಕೇಂದ್ರದಿಂದ ಸೂಚನೆಯೂ ಬಂತು. ಅಲರ್ಜಿಗೆಂದು ಮಾಂಟೆಲುಕಾಸ್ಟ್ ಮಾತ್ರೆ ಬರೆದುಕೊಟ್ಟರೆ ಮಗುವಿನ ಸಿಟ್ಟು, ಕೆಟ್ಟ ಕನಸು, ಮಂಕುತನದ ಮೇಲೆ ಕಣ್ಣಿಡಿ. ಅಮೆರಿಕದ ಔಷಧ ಇಲಾಖೆ 2020ರಲ್ಲಿ ಅದಕ್ಕೆ ಅತ್ಯಂತ ಗಂಭೀರ ದರ್ಜೆಯ ಎಚ್ಚರಿಕೆ ಹಾಕಿಸಿದೆ. ಪಾತ್ರೆಯಲ್ಲಿ ಕುದಿನೀರಿಟ್ಟು ಪುಟ್ಟ ಮಕ್ಕಳಿಗೆ ಹಬೆ ಹಿಡಿಸುವುದೂ ಬೇಡ, ಸುಟ್ಟುಕೊಳ್ಳುವ ಅಪಾಯ ಅದರ ಲಾಭಕ್ಕಿಂತ ದೊಡ್ಡದು. ಕಂದಮ್ಮಗಳ ಮೂಗಿನ ಹತ್ತಿರ ಕರ್ಪೂರ ತರಲೇಬೇಡಿ, ಹೊಟ್ಟೆಗೆ ಹೋದರೆ ಫಿಟ್ಸ್ ಬರುತ್ತದೆ.

ಮುಂಬಯಿಯ ಮನೆ

ಜೂನಿನಿಂದ ಸೆಪ್ಟೆಂಬರಿನವರೆಗೆ ಈ ಊರಿನಲ್ಲಿ ಎರಡು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ. ಮುಲುಂಡಿನ ನಮ್ಮ ಮನೆಯಲ್ಲಿ ಕಪಾಟನ್ನು ಗೋಡೆಯಿಂದ ಎಳೆದಾಗ ಹಿಂದೆಲ್ಲ ಕಪ್ಪು ಬೂಷ್ಟು. ಗೋಡೆಯ ಸೋರಿಕೆ ಮುಚ್ಚಿಸದೆ ಬರೀ ಒರೆಸಿದರೆ ಅದು ಮತ್ತೆ ಬರುತ್ತದೆ. ಹಾಸಿಗೆಯಲ್ಲಿ ಕಣ್ಣಿಗೆ ಕಾಣದ ಧೂಳಿನ ನುಸಿಗೂ ಈ ತೇವವೇ ಇಷ್ಟ. ಬಿಸಿಲು ಬಿದ್ದ ದಿನ ಹಾಸಿಗೆ ಒಣಗಿಸಿ, ಹೊದಿಕೆ, ದಿಂಬಿನ ಚೀಲವನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆದು, ಮೆತ್ತನೆ ಬೊಂಬೆಗಳನ್ನು ಹಾಸಿಗೆಯಿಂದ ತೆಗೆದೆವು.

ಮಳೆ ಮುಗಿದರೆ ಧೂಳು. ತಂಗಿಯ ಕಿಟಕಿಯ ಎದುರೇ ಹಳೆ ಕಟ್ಟಡ ಒಡೆದು ರಿಡೆವಲಪ್‌ಮೆಂಟ್ ನಡೆಯುತ್ತಿತ್ತು. 2023ರ ಅಕ್ಟೋಬರಿನಲ್ಲಿ ಮಹಾನಗರಪಾಲಿಕೆ ಹೊರಡಿಸಿದ ನಿಯಮದಂತೆ ಕಾಮಗಾರಿಯ ಸುತ್ತ ತಗಡಿನ ಬೇಲಿ, ಒದ್ದೆ ಬಟ್ಟೆಯ ಹೊದಿಕೆ, ನೀರು ಸಿಂಪಡಣೆ ಇರಲೇಬೇಕು. ಸೊಸೈಟಿಯವರು ಬರೆದುಕೊಟ್ಟ ದೂರಿನ ನಂತರ ನೀರು ಹೊಡೆಯುವುದು ಶುರುವಾಯಿತು. ಮನೆಯೊಳಗೆ ಪೊರಕೆಯ ಬದಲು ಒದ್ದೆ ಬಟ್ಟೆಯಿಂದ ಒರೆಸುವುದು, ಸೊಳ್ಳೆ ಬತ್ತಿಯ ಜಾಗದಲ್ಲಿ ಸೊಳ್ಳೆಪರದೆ, ಮಗು ಮಲಗುವ ಕೋಣೆಯಲ್ಲಿ ಊದುಬತ್ತಿ, ಸಿಗರೇಟು ಎರಡೂ ಇಲ್ಲ. ಇಷ್ಟರಿಂದ ಅಡಿನಾಯ್ಡ್ ಕರಗುವುದಿಲ್ಲ, ಆದರೆ ಅದರ ಮುಂದಿರುವ ಮೂಗಿನ ಊತ ಇಳಿಯುತ್ತದೆ. ಸ್ಪ್ರೇ ಜೊತೆ ಇದೂ ಸೇರಿ ತಂಗಿಯ ಮಗಳ ರಾತ್ರಿಗಳು ಸರಿಯಾದವು.

ಆಪರೇಷನ್

ಮಗನಿಗೂ ಅದೇ ಸ್ಪ್ರೇ, ಅದೇ ಜಾಗ್ರತೆ. ಹಗಲಿನ ಮೂಗು ಸ್ವಲ್ಪ ಬಿಟ್ಟರೂ ರಾತ್ರಿ ಉಸಿರು ಕಡಿಯುವುದು ನಿಲ್ಲಲಿಲ್ಲ. ಕಿವಿಯ ನೀರು ಮೂರು ತಿಂಗಳು ಕಳೆದರೂ ಇಳಿಯಲಿಲ್ಲ. "ದೇವರು ಕೊಟ್ಟದ್ದನ್ನು ತೆಗೆದರೆ ಮುಂದೆ ರೋಗ ತಡೆಯುವ ಶಕ್ತಿ ಹೋಗುವುದಿಲ್ಲವಾ ಮಗಾ?" ಎಂದು ಅತ್ತೆ ಕೇಳಿದರು. ನ್ಯಾಯವಾದ ಪ್ರಶ್ನೆ. ಡೆನ್ಮಾರ್ಕಿನ ಸುಮಾರು 12 ಲಕ್ಷ ಮಕ್ಕಳ ದಾಖಲೆ ನೋಡಿದ 2018ರ ಅಧ್ಯಯನದಲ್ಲಿ, ಚಿಕ್ಕಂದಿನಲ್ಲೇ ಅಡಿನಾಯ್ಡ್, ಟಾನ್ಸಿಲ್ ತೆಗೆಸಿಕೊಂಡವರಲ್ಲಿ ಮುಂದೆ ಉಸಿರಾಟದ ಕಾಯಿಲೆಗಳು ಹೆಚ್ಚು ಕಂಡಿದ್ದವು. ಕಾರಣ ಆಪರೇಷನ್ನೇ ಎಂದು ಅದರಿಂದ ಸಾಬೀತಾಗುವುದಿಲ್ಲ, ಆದರೂ ಸುಮ್ಮಸುಮ್ಮನೆ ತೆಗೆಸಬಾರದು ಎನ್ನಲು ಅಷ್ಟು ಸಾಕು. ಇನ್ನೊಂದು ಕಡೆ, ನಿದ್ದೆಯಲ್ಲಿ ಉಸಿರು ಕಡಿಯುವ 5ರಿಂದ 9 ವರ್ಷದ 464 ಮಕ್ಕಳ ಮೇಲೆ ಅಮೆರಿಕದಲ್ಲಿ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನವಿದೆ. ಅಡಿನಾಯ್ಡ್, ಟಾನ್ಸಿಲ್ ಎರಡನ್ನೂ ತೆಗೆಸಿಕೊಂಡವರಲ್ಲಿ ಶೇಕಡಾ 79 ಮಕ್ಕಳ ನಿದ್ದೆಯ ಪರೀಕ್ಷೆ ಏಳು ತಿಂಗಳಲ್ಲಿ ಸರಿಹೋಗಿತ್ತು. ಬರೀ ಕಾದವರಲ್ಲೂ ಶೇಕಡಾ 46 ಮಕ್ಕಳದು ಸರಿಹೋಗಿತ್ತು. ಎರಡೂ ಅಂಕಿಗಳನ್ನು ಒಟ್ಟಿಗೇ ಓದಬೇಕು. ನಮ್ಮ ಮಗನಿಗೆ ಕಾದು ನೋಡಿಯಾಗಿತ್ತು, ತೂಕ ನಿಂತಿತ್ತು, ಕಿವಿ ಮಂದವಾಗಿತ್ತು.

ಆಪರೇಷನ್ನಿಗೆ ಮುಂಚಿನ ತಪಾಸಣೆಯಲ್ಲಿ ಡಾಕ್ಟರು ಮಗನ ಕಿರುನಾಲಿಗೆ ಸೀಳಿದೆಯೇ ಎಂದು ಟಾರ್ಚಿನಲ್ಲಿ ನಿಧಾನವಾಗಿ ನೋಡಿದರು. ಅಂಗುಳಿನಲ್ಲಿ ಅಂಥ ದೋಷವಿದ್ದು ಅಡಿನಾಯ್ಡ್ ಪೂರ್ತಿ ತೆಗೆದರೆ ಮಾತು ಮೂಗಿನಿಂದ ಬರತೊಡಗಬಹುದು. ಮನೆಯಲ್ಲಿ ಯಾರಿಗಾದರೂ ರಕ್ತ ನಿಲ್ಲದ ಕಾಯಿಲೆ ಇದೆಯೇ ಎಂದೂ ಕೇಳಿದರು. ಹೊರಗೆ ಗಾಯವಿಲ್ಲ, ಪೂರ್ತಿ ಅರಿವಳಿಕೆ ಕೊಟ್ಟು ಬಾಯಿಯ ಮೂಲಕವೇ ತೆಗೆಯುತ್ತಾರೆ. ಕಿವಿಪರದೆಯಲ್ಲಿ ಗ್ರೊಮೆಟ್ ಎಂಬ ಪುಟ್ಟ ಕೊಳವೆ ಕೂರಿಸಿ ನೀರನ್ನೂ ಹೊರತೆಗೆದರು. ಗಂಜಿ, ಮೊಸರನ್ನದಲ್ಲಿ ಮೊದಲ ದಿನಗಳು ಕಳೆದವು. ಬಾಯಿ ವಾಸನೆ, ಸ್ವಲ್ಪ ಕುತ್ತಿಗೆ ನೋವು ಕೆಲ ದಿನ ಇರುತ್ತವೆಂದು ಮೊದಲೇ ಹೇಳಿದ್ದರಿಂದ ಗಾಬರಿಯಾಗಲಿಲ್ಲ. ತಾಜಾ ಕೆಂಪು ರಕ್ತ ಬಂದರೆ, ಮಗು ಮತ್ತೆಮತ್ತೆ ನುಂಗುತ್ತಿದ್ದರೆ ತಡಮಾಡದೆ ಬರಬೇಕೆಂದು ಬರೆದೇ ಕೊಟ್ಟಿದ್ದರು. ಖರ್ಚಿನ ಚಿಂತೆ ಇರುವವರಿಗೆ ಕೆಇಎಂ, ಸಾಯನ್, ನಾಯರ್, ಕೂಪರ್ ಈ ಪಾಲಿಕೆ ಆಸ್ಪತ್ರೆಗಳಲ್ಲೆಲ್ಲ ಕಿವಿ-ಮೂಗು-ಗಂಟಲಿನ ವಿಭಾಗವಿದೆ.

ಮಗ ಈಗ ಬಾಯಿ ಮುಚ್ಚಿಕೊಂಡು ನಿದ್ದೆ ಮಾಡುತ್ತಾನೆ, ತಟ್ಟೆ ಖಾಲಿ ಮಾಡುತ್ತಾನೆ, ಅಡುಗೆಮನೆಯಿಂದ ಕರೆದರೆ ಓಡಿಬರುತ್ತಾನೆ. ಅಡಿನಾಯ್ಡ್ ಕೆಲವರಲ್ಲಿ ಮತ್ತೆ ಬೆಳೆಯುವುದುಂಟು, ಹಾಗಾಗಿ ತಪಾಸಣೆ ಬಿಟ್ಟಿಲ್ಲ. ನಿಮ್ಮ ಮಗು ನಿದ್ದೆಯಲ್ಲಿ ಉಸಿರು ಕಡಿದು ಒದ್ದಾಡುತ್ತಿದ್ದರೆ ಈ ವಾರವೇ ತೋರಿಸಿ. ಬರೀ ಮೂಗು ಕಟ್ಟಿದ್ದರೆ ಡಾಕ್ಟರು ಹೇಳಿದ ಸ್ಪ್ರೇಯನ್ನು ಕ್ರಮವಾಗಿ ಹಾಕಿ ತಾಳ್ಮೆಯಿಂದಿರಿ. ಎರಡರಲ್ಲಿ ಯಾವುದೇ ಆದರೂ ಕಿವಿಯ ಪರೀಕ್ಷೆ ಮಾತ್ರ ಬಿಡಬೇಡಿ. ನಾಲ್ಕು ವರ್ಷದ ಮಗು ತನಗೆ ಕೇಳಿಸುತ್ತಿಲ್ಲ ಎಂದು ಎಂದೂ ದೂರುವುದಿಲ್ಲ, ಎಲ್ಲರಿಗೂ ಕೇಳಿಸುವುದು ಇಷ್ಟೇ ಎಂದು ಅದು ತಿಳಿದಿರುತ್ತದೆ.