ಕಿಲೋ ಲೆಕ್ಕಕ್ಕೆ ಹೋಗಲಿದ್ದ ಗಾಳದ ಪೆಟ್ಟಿಗೆ

ಬನ್ನೂರಿನಲ್ಲಿ ಗಾಳ ಹಾಕುವುದಕ್ಕೆ ದುಡ್ಡೇ ಬೇಕಿಲ್ಲ. ಒಂದು ಬಿದಿರುಕಡ್ಡಿ, ನಾಲ್ಕು ಮಾರು ತಂಗೂಸಿ, ಕೊಕ್ಕೆ, ತೇಲುವುದಕ್ಕೆ ಬೆಂಡಿನ ಚೂರು ಇದ್ದರೆ ಆಯಿತು. ಎರೆಹುಳು ತಿಪ್ಪೆಯ ಮಗ್ಗುಲಲ್ಲೇ ಸಿಗುತ್ತದೆ, ಸಿಗದಿದ್ದರೆ ಮನೆಯಲ್ಲಿ ರಾಗಿಹಿಟ್ಟಿದೆ. ಕಾವೇರಿಯ ದೊಡ್ಡ ಮೀನಿಗಾಗಿ ಸಮುದ್ರ ದಾಟಿ ಬಂದ ವಿಲಾಯಿತಿಯವರೂ ಕೊಕ್ಕೆಗೆ ಬೇಯಿಸಿದ ರಾಗಿ ಉಂಡೆಯನ್ನೇ ಸಿಕ್ಕಿಸುತ್ತಿದ್ದರು. ಇಂಥ ಊರಿನಲ್ಲಿ ಒಂದು ಹುಸಿ ಮೀನಿಗೆ, ಅಂದರೆ ಲೂರ್‌ಗೆ, 700–800 ರೂಪಾಯಿ ಕೊಡುತ್ತಿದ್ದವರು ನನ್ನ ಸೋದರಮಾವ.

ಮಾವ ಮೈಸೂರಿನಲ್ಲಿ ನೌಕರಿ ಮಾಡಿ ನಿವೃತ್ತರಾಗಿ ಬನ್ನೂರಿಗೆ ಬಂದವರು. ನಂಜನಗೂಡಿನ ಕಪಿಲೆ (ಕಬಿನಿ), ತಿರುಮಕೂಡಲಿನ ಸಂಗಮದ ಆಸುಪಾಸು, ಸುತ್ತಲಿನ ಕೆರೆಗಳು ಅವರಿಗೆ ಕೈಗೆರೆಯಷ್ಟು ಗೊತ್ತಿದ್ದವು. ಅವರು ತೀರಿಕೊಂಡ ಮೇಲೆ ಅಟ್ಟದಿಂದ ಒಂದು ಕಬ್ಬಿಣದ ಟ್ರಂಕು, ಐದಾರು ಬಿಸ್ಕತ್ತಿನ ಡಬ್ಬ, ಒಂದು ಹಳೆಯ ಟಿಫಿನ್ ಕ್ಯಾರಿಯರ್ ಇಳಿದವು. ಎಲ್ಲದರಲ್ಲೂ ಲೂರ್‌ಗಳು, ಒಂದರ ಕೊಕ್ಕೆ ಇನ್ನೊಂದಕ್ಕೆ ಸಿಕ್ಕಿಕೊಂಡು ಗೊಂಚಲಾಗಿದ್ದವು. ಗುಜರಿಯವನು ಎತ್ತಿ ನೋಡಿ ಎಲ್ಲ ಸೇರಿ 300 ರೂಪಾಯಿ ಎಂದಿದ್ದ. ಅತ್ತೆ ನನಗೆ ಫೋನ್ ಮಾಡಿ, “ಮನೇಲಿ ಮಕ್ಕಳು ಓಡಾಡ್ತವೆ, ಕೈಗೆ ಚುಚ್ಕೊಂಡ್ರೆ ಏನ್ ಗತಿ? ಅವನಿಗೇ ಕೊಟ್ಬಿಡ್ಲಾ ಕಣಪ್ಪಾ?” ಎಂದರು. “ಬೇಡಿ ಅತ್ತೆ, ಭಾನುವಾರ ಬರ್ತೀನಿ” ಎಂದೆ.

ಹಣಕಾಸಿನ ಬಗ್ಗೆ ಬರೆಯುವ ನನಗೆ ಇದು ಬರೀ ಅಟ್ಟ ಖಾಲಿ ಮಾಡುವ ಕೆಲಸವಾಗಿ ಕಾಣಲಿಲ್ಲ. ಮಾವ ಉಯಿಲು ಬರೆದಿರಲಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ, ಉಯಿಲಿಲ್ಲದೆ ತೀರಿಕೊಂಡವನ ಸ್ವಂತ ಆಸ್ತಿ ಹೆಂಡತಿಗೂ ಮಕ್ಕಳಿಗೂ, ತಾಯಿ ಇದ್ದರೆ ತಾಯಿಗೂ, ಸಮಪಾಲು. ಆಸ್ತಿ ಎಂದರೆ ಮನೆ, ಗದ್ದೆ, ಬ್ಯಾಂಕಿನ ಠೇವಣಿ ಎಂದುಕೊಳ್ಳುತ್ತೇವೆ. ಬೀರುವಿನಲ್ಲಿರುವ ಕ್ಯಾಮೆರಾ, ಅಟ್ಟದಲ್ಲಿರುವ ಗಾಳದ ಪೆಟ್ಟಿಗೆ ಕೂಡ ಆಸ್ತಿಯೇ. ಮಾವನ ಮಗ ಮೈಸೂರಿನಲ್ಲಿದ್ದಾನೆ, ಮಗಳು ಆಸ್ಟ್ರೇಲಿಯಾದಲ್ಲಿದ್ದಾಳೆ. ಏನಿದೆ ಎಂದು ಮೂವರಿಗೂ ತಿಳಿಯುವ ಮೊದಲು ಯಾರೂ ಯಾರಿಗೂ ಏನನ್ನೂ ಕೊಡಕೂಡದು. ತಿಳಿಯಬೇಕಾದರೆ ಪಟ್ಟಿಯಾಗಬೇಕು, ಪಟ್ಟಿಯಾಗಬೇಕಾದರೆ ಒಂದೊಂದಕ್ಕೂ ಒಂದು ಗುರುತು ಬೇಕು.

ಜಗಲಿಯ ಮೇಲೆ ಹಳೆಯ ಬಿಳಿ ಪಂಚೆ ಹಾಸಿ, ಇಕ್ಕಳ ಹಿಡಿದು ಗೊಂಚಲು ಬಿಡಿಸುತ್ತ ಕೂತೆವು. ಮಾವನ ಮಗ ಬಣ್ಣದ ಮೇಲೆ ವಿಂಗಡಿಸಲು ಹೊರಟ. ನೋಡುವುದಕ್ಕೆ ಚೆಂದವೇ, ಆದರೆ ಲೂರ್‌ನ ಬೆಲೆ, ಉಪಯೋಗ ಎರಡೂ ಬಣ್ಣದಲ್ಲಿ ಇರುವುದಿಲ್ಲ. ಅದು ನೀರಿನ ಯಾವ ಮಟ್ಟದಲ್ಲಿ ಓಡುತ್ತದೆ, ಯಾವ ಮೀನಿಗೆ ಎನ್ನುವುದು ಮುಖ್ಯ. ಹಾಗಾಗಿ ಗುಂಪಿಗೊಂದು ಅಕ್ಷರ ಕೊಟ್ಟೆವು: ಹಿತ್ತಾಳೆ, ಉಕ್ಕಿನ ತಗಡಿನ ಸ್ಪೂನ್‌ಗಳಿಗೆ ‘ಚ’, ಅಂದರೆ ಚಮಚ. ಮರದ ಮತ್ತು ಗಟ್ಟಿ ಪ್ಲಾಸ್ಟಿಕ್ಕಿನ ಮೀನಿಗೆ ‘ಮ’. ಮೂತಿಯ ಕೆಳಗಿನ ತಗಡು ಉದ್ದವಿದ್ದಷ್ಟೂ ಅದು ಆಳಕ್ಕೆ ಇಳಿಯುತ್ತದೆ, ಹಾಗಾಗಿ ‘ಮ’ದಲ್ಲೇ ಮೇಲ್ನೀರು, ನಡುನೀರು, ಆಳನೀರು ಎಂದು ಮೂರು ಪಾಲು. ರಬ್ಬರ್ ಕಪ್ಪೆಗೆ ‘ಕ’. ಈ ಕಪ್ಪೆಯ ಎರಡು ಕೊಕ್ಕೆ ಮೇಲ್ಮುಖವಾಗಿ ಬೆನ್ನಿಗೆ ಒತ್ತಿಕೊಂಡಿರುವುದರಿಂದ ಜೊಂಡಿಗೆ ಸಿಕ್ಕಿಕೊಳ್ಳುವುದಿಲ್ಲ. ನಮ್ಮ ಕೆರೆಗಳ ಕೊರವ ಮೀನಿಗೆ ಇದಕ್ಕಿಂತ ಒಳ್ಳೆಯ ಸಾಧನ ನಾನು ನೋಡಿಲ್ಲ. ಮೆತ್ತನೆ ಪ್ಲಾಸ್ಟಿಕ್ ಹುಳುಗಳಿಗೆ ‘ಹ’.

ಚೀಟಿಯ ವಿಷಯಕ್ಕೆ ಸ್ವಲ್ಪ ನಿಂತು ಹೇಳಬೇಕು. ಅಂಟಿಸುವ ಸ್ಟಿಕರ್ ಬೇಡವೇ ಬೇಡ. ಹಳೆಯ ಲೂರ್‌ನಿಂದ ಅದನ್ನು ಕಿತ್ತರೆ ಬಣ್ಣವೂ ಜೊತೆಗೆ ಬರುತ್ತದೆ, ಬಣ್ಣ ಹೋದರೆ ಬೆಲೆಯೂ ಹೋಯಿತು. ಚಿನ್ನದಂಗಡಿಯವರು ಉಂಗುರಕ್ಕೆ ಕಟ್ಟುವ ದಾರದ ಪುಟ್ಟ ಚೀಟಿ ಇದಕ್ಕೆ ಹೇಳಿ ಮಾಡಿಸಿದಂತಿದೆ. ಬರೆಯುವುದು ಪೆನ್ಸಿಲ್ಲಿನಲ್ಲಿ, ಯಾಕೆಂದರೆ ಒದ್ದೆಯಾದರೂ ಅದು ಕದಡುವುದಿಲ್ಲ. ಚೀಟಿಯ ಮೇಲೆ ಗುರುತಿನ ಅಕ್ಷರ, ಸಂಖ್ಯೆ ಇಷ್ಟೇ ಸಾಕು. ಉಳಿದದ್ದೆಲ್ಲ ಲೆಕ್ಕದ ಪುಸ್ತಕಕ್ಕೆ: ಎಷ್ಟು ಗ್ರಾಂ, ಯಾವ ಕಂಪನಿ, ಕೊಂಡ ಬೆಲೆ, ರಸೀದಿ ಇದೆಯೇ, ಮೂಲ ಡಬ್ಬ ಇದೆಯೇ, ಕೊಕ್ಕೆ ತುಕ್ಕು ಹಿಡಿದಿದೆಯೇ, ಇಂದು ಮಾರಿದರೆ ಎಷ್ಟು. ಸಾಲಾಗಿ ಇಟ್ಟು ಮೊಬೈಲಿನಲ್ಲಿ ಫೋಟೊ. ಇದಕ್ಕೆಂದೇ ಆ್ಯಪ್‌ಗಳಿವೆ, ನಮಗೆ ಬೇಕಾಗಲಿಲ್ಲ.

ದುಡ್ಡು ಸದ್ದಿಲ್ಲದೆ ಸೋರಿಹೋಗುವುದು ಇಡುವ ಕ್ರಮದಲ್ಲಿ. ಒದ್ದೆ ಲೂರ್ ಒಂದನ್ನು ಹಾಗೇ ಮುಚ್ಚಿದ ಡಬ್ಬಕ್ಕೆ ಹಾಕಿದರೆ ಅದರ ತೇವಕ್ಕೆ ಪಕ್ಕದವುಗಳ ಕೊಕ್ಕೆಯೂ ತುಕ್ಕು ಹಿಡಿಯುತ್ತದೆ. ಔಷಧಿ ಬಾಟಲಿಯಲ್ಲಿ, ಹೊಸ ಚಪ್ಪಲಿಯ ಡಬ್ಬದಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ಎಸೆಯದೆ ಇಲ್ಲಿ ಹಾಕಬೇಕು. ಮೆತ್ತನೆ ಹುಳುಗಳದ್ದು ಇನ್ನೂ ಸೂಕ್ಷ್ಮ. ಅವನ್ನು ಮೆದುವಾಗಿಸಲು ಬೆರೆಸಿರುವ ಎಣ್ಣೆಯಂಥ ರಾಸಾಯನಿಕ ಗಟ್ಟಿ ಪ್ಲಾಸ್ಟಿಕ್ಕಿನ ಬಣ್ಣವನ್ನು ಕರಗಿಸುತ್ತದೆ, ಕೆಲವು ಡಬ್ಬಗಳ ತಳವನ್ನೇ ತಿನ್ನುತ್ತದೆ. ಬೇರೆ ಬೇರೆ ಜಾತಿಯ ಹುಳುಗಳನ್ನು ಒಟ್ಟಿಗೆ ಇಟ್ಟರೂ ಒಂದಕ್ಕೊಂದು ಕರಗಿ ಅಂಟುತ್ತವೆ. ಅವು ಕೊಂಡ ಪೊಟ್ಟಣದಲ್ಲೇ ಇರಬೇಕು. ಟಿಫಿನ್ ಕ್ಯಾರಿಯರ್‌ನ ಕೆಳಗಿನ ಡಬ್ಬದಲ್ಲಿ ಹುಳುಗಳೂ ಮೂರು ಒಳ್ಳೆಯ ಮೀನುಗಳೂ ಒಂದೇ ಮುದ್ದೆಯಾಗಿದ್ದವು. ಅಷ್ಟರಲ್ಲೇ ಎರಡು ಸಾವಿರ ರೂಪಾಯಿಯ ಮಾಲು ಹೋಗಿತ್ತು.

ಪಟ್ಟಿ ಮುಗಿದಾಗ ಸಂಖ್ಯೆ 340 ದಾಟಿತ್ತು. ಸಿಕ್ಕ ರಸೀದಿ, ಇಂದಿನ ದರ ಎರಡನ್ನೂ ನೋಡಿ ಅಂದಾಜು ಹಾಕಿದರೆ ಕೊಂಡ ಬೆಲೆಯೇ ಸುಮಾರು 80,000 ರೂಪಾಯಿ. ಬಳಸಿದ ಮಾಲಿಗೆ ಅರ್ಧ ಬೆಲೆಯೂ ಕಷ್ಟ, ತುಕ್ಕಿನ ಕೊಕ್ಕೆ ಬದಲಿಸುವ ಖರ್ಚು ಬೇರೆ. ಎಷ್ಟು ಬಿಗಿಯಾಗಿ ಹಿಡಿದರೂ 25,000ಕ್ಕೆ ಕಡಿಮೆ ಬರಲಿಲ್ಲ. ಗುಜರಿಯ 300 ರೂಪಾಯಿಯ ಪಕ್ಕದಲ್ಲಿ ಅತ್ತೆಯೇ ತಮ್ಮ ಕೈಯಿಂದ ಆ ಅಂಕಿ ಬರೆದರು. ಪಟ್ಟಿ ಇನ್ನೊಂದನ್ನೂ ತೋರಿಸಿತು: ಹಸಿರು ಬೆನ್ನಿನ ಒಂದೇ ನಮೂನೆಯ ಮೀನು ಐದು ಡಬ್ಬಗಳಲ್ಲಿ ಒಂಬತ್ತು ಇದ್ದವು, ಏಳಕ್ಕೆ ನೀರೇ ಸೋಕಿರಲಿಲ್ಲ. ಎಲ್ಲಿಟ್ಟಿದ್ದೇವೆ ಎಂದು ಕಾಣದ ವಸ್ತುವನ್ನು ಮತ್ತೆ ಕೊಳ್ಳುತ್ತೇವೆ. ಲೂರ್ ಇರಲಿ, ಡ್ರಿಲ್ ಬಿಟ್ ಇರಲಿ, ಬ್ಲೌಸ್ ಪೀಸ್ ಇರಲಿ, ಮನೆಯೊಳಗೆ ಮೊದಲು ಪಟ್ಟಿ ಮಾಡಿದರೆ ಉಳಿತಾಯ ಅಲ್ಲಿಂದಲೇ ಶುರುವಾಗುತ್ತದೆ ಎನ್ನುವುದು ನನ್ನ ಖಚಿತ ಅಭಿಪ್ರಾಯ.

ಟ್ರಂಕಿನ ತಳದಲ್ಲಿದ್ದ ಅಂಗೈ ಉದ್ದದ ದಪ್ಪ ಹಿತ್ತಾಳೆ ಸ್ಪೂನ್‌ಗಳದ್ದು ಬೇರೆ ಕಥೆ. ಇವು ಕೆರೆಯ ಜಿಲೇಬಿ ಮೀನಿಗೋ ಕೊರವಕ್ಕೋ ಅಲ್ಲ, ಮಹಶೀರ್‌ಗೆ. ಹೊಳೆಬದಿಯವರು ಬಿಳಿಮೀನು ಎನ್ನುವ ಅದೇ ಮೀನು. ಮೈಸೂರಿನ ಪ್ರಸಿದ್ಧ ಚರ್ಮಪ್ರಸಾಧಕ ವ್ಯಾನ್ ಇಂಗೆನ್ ಮನೆತನದ ಡಿ ವೆಟ್ ವ್ಯಾನ್ ಇಂಗೆನ್ 1946ರಲ್ಲಿ ಇದೇ ಕಪಿಲೆಯಲ್ಲಿ 120 ಪೌಂಡ್ ತೂಕದ, ಅಂದರೆ 54 ಕಿಲೋ ಮೀರಿದ ಮಹಶೀರನ್ನು ಗಾಳಕ್ಕೆ ಹಿಡಿದಿದ್ದರು. ಮಾವ ಆ ಕಥೆ ಹೇಳುವಾಗ ಎರಡು ಕೈ ಚಾಚಿದರೂ ಅವರಿಗೆ ಸಾಲುತ್ತಿರಲಿಲ್ಲ. ಕಾವೇರಿ ದಡದ ಭೀಮೇಶ್ವರಿಯ ಗಾಳದ ಶಿಬಿರದಲ್ಲಿ ಹಿಡಿದ ಮೀನನ್ನು ತೂಗಿ ಮರಳಿ ಹೊಳೆಗೆ ಬಿಡುತ್ತಿದ್ದ ಕಾಲದಲ್ಲಿ ಅಲ್ಲಿಗೆ ಬಂದ ವಿದೇಶಿಯರೊಬ್ಬರು ಈ ಸ್ಪೂನ್‌ಗಳಲ್ಲಿ ಕೆಲವನ್ನು ಮಾವನಿಗೆ ಕೊಟ್ಟು ಹೋಗಿದ್ದರು. ಕಾವೇರಿ ವನ್ಯಜೀವಿಧಾಮದೊಳಗೆ ಆ ಆಟ ನಿಂತು ಹತ್ತು ವರ್ಷದ ಮೇಲಾಯಿತು. ಕಾವೇರಿಯ ಡುಬ್ಬದ ಮಹಶೀರ್‌ನ ವೈಜ್ಞಾನಿಕ ಗುರುತು ಟಾರ್ ರೇಮಾದೇವಿ ಎಂದು ಖಚಿತವಾದದ್ದು 2018ರಲ್ಲಿ, ಅಳಿವಿನ ಅಂಚಿನ ಕೆಂಪು ಪಟ್ಟಿಗೆ ಅದು ಸೇರಿದ್ದೂ ಅದೇ ವರ್ಷ. ಅಂದಮೇಲೆ ಈ ಸ್ಪೂನ್‌ಗಳಿಗೆ ನಮ್ಮ ನದಿಯಲ್ಲಿ ಇನ್ನು ಕೆಲಸವಿಲ್ಲ, ಇರಲೂಬಾರದು. ಉಪಯೋಗದ ಬೆಲೆ ಸೊನ್ನೆ. ಆದರೆ ಸಂಗ್ರಾಹಕರ ಲೆಕ್ಕ ಬೇರೆಯೇ.

ಅಮೆರಿಕದ ಓಹಾಯೊದಲ್ಲಿ ರೈಲಿ ಹ್ಯಾಸ್ಕೆಲ್ ಎಂಬಾತ 1859ರಲ್ಲಿ ಪೇಟೆಂಟ್ ಪಡೆದ ಲೋಹದ ಮೀನಿನ ದೊಡ್ಡ ನಮೂನೆಯೊಂದು 2003ರ ಹರಾಜಿನಲ್ಲಿ ಒಂದು ಲಕ್ಷ ಡಾಲರ್ ದಾಟಿತು. ಫಿನ್ಲೆಂಡಿನ ಲೌರಿ ರಾಪಾಲಾ 1936ರಲ್ಲಿ ಬೆಂಡಿನಿಂದ ಕೆತ್ತಿ, ಚಾಕೊಲೇಟಿನ ಬೆಳ್ಳಿ ಕಾಗದ ಸುತ್ತಿದ ಮೀನಿನಿಂದ ಹುಟ್ಟಿದ ಕಂಪನಿಯ ಹಳೆಯ ಮಾಲನ್ನು ಹುಡುಕಿಕೊಂಡು ಹೋಗುವವರಿದ್ದಾರೆ. ಬನ್ನೂರಿನ ಟ್ರಂಕಿನಲ್ಲಿ ಲಕ್ಷ ಡಾಲರ್ ಇರುತ್ತದೆ ಎಂದು ನಾನು ಯಾರಿಗೂ ಆಸೆ ಹುಟ್ಟಿಸುವುದಿಲ್ಲ. ಆದರೆ ಆ ಪೇಟೆಯ ನಿಯಮ ಇಲ್ಲಿಗೂ ಸಲ್ಲುತ್ತದೆ: ಮೂಲ ಡಬ್ಬ, ಒಳಗಿನ ಕಾಗದ, ಮೊದಲಿನ ಬಣ್ಣ ಇದ್ದರೆ ಬೆಲೆ ಏರುತ್ತದೆ, ಹೊಸದಾಗಿ ಬಳಿದರೆ ಇಳಿಯುತ್ತದೆ. ಹುಣಸೆಹಣ್ಣು ಹಚ್ಚಿ ಹಿತ್ತಾಳೆ ಬೆಳಗಲು ಅತ್ತೆ ಬಟ್ಟಲು ತಂದಿದ್ದರು, ತಡೆದೆ. ಯಾರು ಕೊಟ್ಟದ್ದು, ಯಾವ ನದಿಗೆ ಇಳಿದದ್ದು ಎಂದು ಅವರಿಗೆ ನೆನಪಿದ್ದಷ್ಟನ್ನೂ ಚ-1ರಿಂದ ಚ-14ರ ಎದುರು ಬರೆಸಿದೆ. ಆ ನೆನಪು ಬರೆದಿಡದಿದ್ದರೆ ಉಳಿಯುವುದು ಹಿತ್ತಾಳೆಯ ತೂಕ ಮಾತ್ರ.

ಪಟ್ಟಿ, ಫೋಟೊ ಆಸ್ಟ್ರೇಲಿಯಾಕ್ಕೂ ಹೋದವು. ವಿಡಿಯೊ ಕರೆಯಲ್ಲಿ ಮೂವರೂ ಕೂತು ಪುಸ್ತಕದ ಕೊನೆಯ ಅಂಕಣ ತುಂಬಿಸಿದರು. ಹದಿನಾಲ್ಕು ಸ್ಪೂನ್ ಮಾರುವುದಿಲ್ಲ, ಮಗಳಿಗೆ. ಕಪ್ಪೆಗಳೂ ಮೇಲ್ನೀರಿನ ಮೀನುಗಳೂ ಮಗನಿಗೆ, ಅವನು ಕೆರೆ ಗುತ್ತಿಗೆ ಹಿಡಿದ ಮೀನುಗಾರರ ಸಂಘದವರನ್ನು ಕೇಳಿಕೊಂಡೇ ಗಾಳ ಹಾಕುವವನು. ಉಳಿದದ್ದನ್ನು ಕೊಕ್ಕೆ ಬದಲಿಸಿ, ಒಂದೊಂದರ ಸ್ಥಿತಿ ಮುಚ್ಚಿಡದೆ ಹೇಳಿ, ಮೈಸೂರು, ಬೆಂಗಳೂರಿನ ಗಾಳದ ಹುಡುಗರಿಗೆ ಬಿಡಿಬಿಡಿಯಾಗಿ ಮಾರುತ್ತಿದ್ದೇವೆ. ಈವರೆಗೆ 11,000 ರೂಪಾಯಿ ಬಂದಿದೆ. ಮಕ್ಕಳಿಬ್ಬರೂ ಈ ಹಣದಲ್ಲಿ ತಮ್ಮ ಪಾಲು ಬೇಡವೆಂದು ಬರೆದುಕೊಟ್ಟಿದ್ದರಿಂದ ಅಷ್ಟೂ ಅತ್ತೆಯ ಅಂಚೆ ಕಚೇರಿ ಉಳಿತಾಯ ಖಾತೆಗೆ ಜಮೆಯಾಗಿದೆ. ಆಳನೀರಿನ ಮೀನುಗಳಿಗೆ ಕಬಿನಿ ಕಡೆಯವರು ಯಾರಾದರೂ ಕೇಳುತ್ತಾರೆ ಎಂದು ಅವನ್ನು ಇನ್ನೂ ದರ ಇಳಿಸದೆ ಇಟ್ಟಿದ್ದೇವೆ.